ಗೊರಕೆ ನಿಂತಾಗ

ಎರಡು ವರ್ಷದ ಹಿಂದಿನ ಎಳ್ಳು ಅಮಾವಾಸ್ಯೆ. ಪ್ರತಿ ವರ್ಷದಂತೆ ಕಮಲಾಪುರದಲ್ಲಿರುವ ನನ್ನ ಅಣ್ಣನ ಹೊಲಕ್ಕೆ ಊಟಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಕಾಳು ಕಾಯಿಪಲ್ಲೆ ಎಲ್ಲ ಹಾಕಿ ಕುದಿಸಿದ ಭಜ್ಜಿ. ಊಟದ ನಡುವೆಯೇ ನಮ್ಮ ಮನೆಯವರ ಕಣ್ಣು ಮುಚ್ಚಿತು. ತುತ್ತು ಇನ್ನೂ ಕೈಯಲ್ಲೇ ಇತ್ತು.

“ನಿಮ್ಮವರಿಗೆ ಭಜ್ಜಿ ಏರ್ಯದ ನೋಡು,” ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ನಕ್ಕರು.

“ಭಜ್ಜಿ ಉಂಡು ಎಚ್ಚರ ಇದ್ದವರನ್ನ ನಾ ಎಂದೂ ನೋಡಿಲ್ಲ,” ಎಂದ ಅಣ್ಣ.

ನಾನೂ ನಕ್ಕೆ. ಆದರೆ ಕಲಬುರಗಿಯ ಜಗತ್ ವೃತ್ತದ ಹತ್ತಿರದ ನಮ್ಮ ಬಟ್ಟೆ ಅಂಗಡಿಯಲ್ಲೂ ಅವರು ತೂಕಡಿಸುತ್ತಿದ್ದರು. ಬೆಳಿಗ್ಗೆ ಏಳುವಾಗಲೇ ತಲೆನೋವು ಎನ್ನುತ್ತಿದ್ದರು.

ನಾಲ್ಕು ಗಂಟೆಗೆ ಕಲಬುರಗಿಗೆ ಹೊರಟೆವು. ಕಾರು ಅವರೇ ನಡೆಸುತ್ತಿದ್ದರು. ನನ್ನ ತೊಡೆಯ ಮೇಲೆ ಭಜ್ಜಿಯ ಡಬ್ಬಿ. ಕಾರು ನಿಧಾನವಾಗಿ ಎಡಕ್ಕೆ ಸರಿಯಿತು. ಹಿಂದಿನವರಿಗೆ ದಾರಿ ಬಿಡುತ್ತಿದ್ದಾರೆ ಎಂದುಕೊಂಡೆ. ಟಾರು ಮುಗಿದು ಮಣ್ಣಿಗಿಳಿದಾಗ ತಿರುಗಿ ನೋಡಿದೆ. ಅವರ ಗದ್ದ ಎದೆಗೆ ತಾಗಿತ್ತು. ಸ್ಟೇರಿಂಗ್ ಹಿಡಿದು ಎಳೆದೆ. ಅವರು ಎಚ್ಚೆತ್ತು ಬ್ರೇಕ್ ಒತ್ತಿದರು. ಬೇವಿನ ಮರಕ್ಕೆ ಎರಡು ಮಾರು ಇರುವಾಗ, ತೊಗರಿ ಸಾಲಿನಲ್ಲಿ ಕಾರು ನಿಂತಿತು. ಭಜ್ಜಿಯೆಲ್ಲ ನನ್ನ ಸೀರೆಯ ಮೇಲಿತ್ತು.

ಹಿಂದೆ ಬರುತ್ತಿದ್ದ ಲಾರಿಯೊಂದು ನಿಂತಿತು. ಬಿಳಿ ಗಡ್ಡದ ಚಾಲಕರು ಇಳಿದು ಬಂದು ನಮಗೆ ನೀರು ಕೊಟ್ಟರು. ಇವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ನನ್ನನ್ನು ಕೇಳಿದರು.

“ಬೇಟಿ, ಸಾಹೇಬ್ರು ಗೊರಕಿ ಹೊಡೀತಾರೇನು?”

“ಹೌದ್ರಿ. ಗೋಡಿ ನಡಗೋ ಹಂಗ.”

“ನಡುನಡುವ ನಿಂತು ಬಿಡ್ತದೇನು?”

“ನಿಲ್ತದ್ರಿ. ಆವಾಗೇ ನನಗ ನಿದ್ದಿ ಹತ್ತೋದು.”

ಅವರು ನಗಲಿಲ್ಲ. “ನಿಲ್ಲೋದು ಗೊರಕಿ ಅಲ್ಲ ಬೇಟಿ, ಉಸಿರು. ನನಗೂ ಹಿಂಗೇ ಆಗಿತ್ತು. ನಿಂತಾಗ ನೀ ಮಲಗಬ್ಯಾಡ, ಎಣಿಸು. ಡಾಕ್ಟರಿಗೆ ಅದನ್ನೇ ಹೇಳು.”

ನಾನು ಫೋನ್ ಮಾಡಿ ಕರೆಸಿದ ಅಣ್ಣ ಬಂದು ಕಾರಿನ ಕೀಲಿ ತೆಗೆದುಕೊಳ್ಳುವವರೆಗೆ ಅವರು ಅಲ್ಲಿಂದ ಕದಲಲಿಲ್ಲ. ಹೆಸರು ಕೇಳಲು ಮರೆತೆ.

ಮರುದಿನ ಮಧ್ಯಾಹ್ನ ಮನೆಯವರು ಮಲಗಿದಾಗ ಪಕ್ಕದಲ್ಲಿ ಗಡಿಯಾರ ನೋಡುತ್ತ ಕುಳಿತೆ. ಗೊರಕೆ ನಿಂತಿತು. ಎದೆ ಏಳುತ್ತಿತ್ತು, ಆದರೆ ಮೂಗಿನ ಬಳಿ ಹಿಡಿದ ನನ್ನ ಬೆರಳಿಗೆ ಗಾಳಿ ತಾಗಲಿಲ್ಲ. ಮೂವತ್ತೆರಡು ಸೆಕೆಂಡು. ಆಮೇಲೆ ನೀರಿನಿಂದ ತಲೆಯೆತ್ತಿದವರಂತೆ ಉಸಿರೆಳೆದುಕೊಂಡರು. ಮತ್ತೆ ಗೊರಕೆ ಶುರುವಾಯಿತು. ಹದಿನೆಂಟು ವರ್ಷ ನಾನು ಆ ಮೌನವನ್ನು ನೆಮ್ಮದಿ ಎಂದುಕೊಂಡು ನಿದ್ದೆ ಮಾಡಿದ್ದೆ.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿದರು. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಂಡು ಉಸಿರು ಕಟ್ಟುತ್ತಿದೆ, ಅದಕ್ಕೇ ರಾತ್ರಿಯಿಡೀ ಮಲಗಿದರೂ ಹಗಲು ನಿದ್ದೆ ಎಳೆಯುತ್ತದೆ ಎಂದರು ಡಾಕ್ಟರು. ತೂಕ ಇಳಿಸಬೇಕು, ತಾವು ಹೇಳುವವರೆಗೆ ಕಾರು ನಡೆಸಬಾರದು ಎಂದರು. ಮಲಗುವಾಗ ಹಾಕಿಕೊಳ್ಳಲು ಗಾಳಿ ಒತ್ತುವ ಯಂತ್ರದ ಮಾಸ್ಕ್ ಬಂತು.

“ಆನಿ ಸೊಂಡಿ ಹಚ್ಚಿದಂಗ ಆಗ್ಯದ,” ಎಂದು ಮೊದಲ ವಾರವೆಲ್ಲ ಗೊಣಗಿದರು. ಎರಡನೇ ವಾರ ಒಂದು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಚಹಾ ಮಾಡಿ ತಂದರು. “ತಲಿ ಹಗುರ ಅದ,” ಎಂದರು.

ಕಳೆದ ಎಳ್ಳು ಅಮಾವಾಸ್ಯೆಗೆ ಎರಡು ತಾಟು ಭಜ್ಜಿ ಉಂಡು, ಸಂಜೆಯವರೆಗೆ ಅಣ್ಣನ ಜೊತೆ ಹರಟೆ ಹೊಡೆದು, ಡಾಕ್ಟರ ಒಪ್ಪಿಗೆ ಸಿಕ್ಕಿದ್ದರಿಂದ ಅವರೇ ಕಾರು ನಡೆಸಿದರು. ಬೇವಿನ ಮರ ದಾಟುವಾಗ ಕಾರಿನ ವೇಗ ತುಸು ಇಳಿಸಿದರು.

ಈಗ ಮನೆಯಲ್ಲಿ ಗೊರಕೆ ಇಲ್ಲ, ಯಂತ್ರದ ಸಣ್ಣ ಸದ್ದು ಮಾತ್ರ. ಕರೆಂಟ್ ಹೋಗಿ ಅದೂ ನಿಂತರೆ ನನಗೆ ತಟ್ಟನೆ ಎಚ್ಚರವಾಗುತ್ತದೆ. ಅವರ ಭುಜ ಅಲುಗಿಸುತ್ತೇನೆ. “ಇನ್ನೂ ಎಣಸಾಕತ್ತೀಯೇನು?” ಎಂದು ನಿದ್ದೆಗಣ್ಣಲ್ಲೇ ಕೇಳುತ್ತಾರೆ. ಮಾತಾಡಿದರಲ್ಲ, ನನಗೆ ಅಷ್ಟು ಸಾಕು.