ಬಾಯಿ ಮುಟ್ಟದ ಕೊಳಲು

ಮಣ್ಣೂರಿನ ಚಂದ್ರಾಮನಿಗೆ ಕೊಳಲು ಮಾಡಲು ಬರುತ್ತಿತ್ತು, ಊದಲು ಬರುತ್ತಿರಲಿಲ್ಲ. ಕೇಳಿದವರು ನಗುತ್ತಿದ್ದರು. ಪಕ್ಕದ ಮನೆಯವನಾದ ನಾನೂ ನಕ್ಕಿದ್ದೇನೆ. ಆದರೆ ತಪ್ಪು ಅವನದಲ್ಲ, ಅಂಗಡಿಯವರದು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತಿದು. ಅಫಜಲಪುರ, ಆಳಂದ, ಜೇವರ್ಗಿಯ ಅಂಗಡಿಗಳಿಗೆ ಅವನು ಕಟ್ಟುಗಟ್ಟಲೆ ಕೊಳಲು ಸಗಟಾಗಿ ಹಾಕುತ್ತಿದ್ದ, ಅವರು ಬಿಡಿಯಾಗಿ ಮಾರುತ್ತಿದ್ದರು. ಅವರದು ಒಂದೇ ಕರಾರು: ಮಾಲಿಗೆ ಯಾರ ಬಾಯಿಯೂ ಮುಟ್ಟಿರಬಾರದು. ಗಿರಾಕಿಗಳು ಕೊಳಲನ್ನು ದೇವರ ಮುಂದಿಡುತ್ತಾರೆ, ಭಜನೆಯಲ್ಲಿ ತುಟಿಗಿಡುತ್ತಾರೆ. ಇನ್ನೊಬ್ಬರ ಎಂಜಲು ಯಾರಿಗೆ ಬೇಕು?

ಬಾಯಿ ಹಚ್ಚದೆ ನಾದ ನೋಡುವುದು ಹೇಗೆ? ಚಂದ್ರಾಮ ಕಮ್ಮಾರನ ಹತ್ತಿರ ಒಂದು ಪುಟ್ಟ ತಿದಿ ಮಾಡಿಸಿಕೊಂಡಿದ್ದ. ಹೆಂಡತಿ ನಿಂಬೆವ್ವ ತಿದಿ ಒತ್ತಿ ಕೊಳಲಿಗೆ ಗಾಳಿ ಬಿಡುವಳು, ಇವನು ಬೆರಳಾಡಿಸಿ ಕಿವಿಗೊಡುವನು. ಮಕ್ಕಳಿಲ್ಲದ ಮನೆ. ಗಂಡ ಹೆಂಡಿರ ಸಂಸಾರವೆಲ್ಲ ಆ ತಿದಿಯ ಎರಡು ಬದಿಗೇ ನಡೆಯಿತು.

ನಿಂಬೆವ್ವ ತಮಾಷೆಯ ಹೆಂಗಸು. ಒಂದು ದಿನ ಎಲೆ ಅಡಿಕೆ ಜಗಿಯುತ್ತಿದ್ದವಳು ಗಂಡನ ಕೈಯಿಂದ ಕೊಳಲು ಕಸಿದುಕೊಂಡು ಊದಿಯೇಬಿಟ್ಟಳು. "ನಾವು ಮಾಡಿದ್ದು ನಮಗೇ ಮೈಲಿಗಿ ಏನು?" ಎಂದು ನಕ್ಕಳು. ಕೊಳಲಿನ ಬಾಯಿಗೆ ಕೆಂಪು ಕಲೆ ಹತ್ತಿತು. ಚಂದ್ರಾಮ ಅವಳ ಮೇಲೆ ಹರಿಹಾಯ್ದ. "ಒಳ್ಳೆ ಮಾಲು ಹಾಳ ಮಾಡಿದಿ ಬೇ!" ಅದನ್ನು ಮಾರಲು ಮನಸ್ಸು ಒಪ್ಪದೆ ಜಂತಿಯ ಸಂದಿಗೆ ಸಿಗಿಸಿಟ್ಟ.

ಮರುವರ್ಷ ಜ್ವರ ಬಂದು ನಿಂಬೆವ್ವ ತೀರಿಕೊಂಡಳು. ಅವಳದೊಂದು ಪಟ ಕೂಡ ಮನೆಯಲ್ಲಿರಲಿಲ್ಲ. ಇದ್ದದ್ದು ಆ ಕೆಂಪು ಕಲೆ ಮಾತ್ರ. ಚಂದ್ರಾಮ ತಿದಿಯನ್ನು ಕಾಲಲ್ಲಿ ತುಳಿಯುತ್ತ, ಒಬ್ಬನೇ ಕೊಳಲಿನ ಮೇಲೆ ಬೆರಳಾಡಿಸುತ್ತಿದ್ದ.

ಮೊದಲೆಲ್ಲ ಕಟ್ಟು ಕಟ್ಟುವುದು ನಿಂಬೆವ್ವನ ಕೆಲಸ. ಆ ದೀಪಾವಳಿಯ ಮುಂಚೆ ಗಡಿಬಿಡಿಯಲ್ಲಿ ಇವನೇ ಕಟ್ಟಿದ. ಜಂತಿಯಲ್ಲಿ ಒಣಗಲು ಸಿಗಿಸಿದ್ದ ಕೊಳಲುಗಳನ್ನೆಲ್ಲ ಸೆಳೆದು ಕಟ್ಟಿ ಮೂರೂ ಊರಿಗೆ ಕಳಿಸಿದ. ಸಂಜೆ ಅಭ್ಯಾಸದಂತೆ ಜಂತಿಗೆ ಕೈ ಹಾಕಿದರೆ ಹೆಂಡತಿಯ ಕೊಳಲೂ ಇಲ್ಲ. ಅದೂ ಮಾಲಿನ ಜೊತೆ ಹೋಗಿತ್ತು!

ಬುತ್ತಿ ಕಟ್ಟಿಕೊಂಡು ಹೊರಟ. ನಿಜ ಹೇಳಿದರೆ ಮಾಲಿನ ಮೇಲಿನ ನಂಬಿಕೆಯೇ ಹೋಗುತ್ತದೆ. ಅದಕ್ಕೇ ಅಫಜಲಪುರದಲ್ಲಿ, ಆಮೇಲೆ ಆಳಂದದಲ್ಲಿ, "ಒಂದು ಕೊಳಲು ಸೀಳಿದಂಗ ಅದ, ತೆಗೀತೇನ್ರಿ" ಎಂದು ಸುಳ್ಳು ಹೇಳಿ ಹುಡುಕಿದ. ಎರಡೂ ಕಡೆ ಸಿಗಲಿಲ್ಲ. ಕೊನೆಗೆ ಜೇವರ್ಗಿ ಮುಟ್ಟಿದ.

ಜೇವರ್ಗಿಯ ಅಂಗಡಿಯ ನಾಗಣ್ಣ ಸಾವಕಾರ ಕೆಟ್ಟವನಲ್ಲ. ಕಟ್ಟು ಬಿಚ್ಚಿ ತಾನೂ ಹುಡುಕಲು ಕೂತ.

"ಸೀಳಿದ್ದು ಯಾವುದೂ ಇಲ್ಲಲ್ಲೋ ಚಂದ್ರಾಮ. ಇದೊಂದಕ್ಕ ಬಣ್ಣ ಹತ್ತೇದ ನೋಡು. ಇರ್ಲಿ, ಕೆರೆದ್ರ ಹೋಗ್ತದ," ಎಂದು ಚಾಕು ತೆಗೆದ.

ಚಂದ್ರಾಮ ಎದುರಿಗೇ ಇದ್ದ. ಸುಮ್ಮನಿದ್ದರೆ ವ್ಯಾಪಾರ ಉಳಿಯುತ್ತಿತ್ತು. ಚಾಕು ಬಿದಿರಿಗೆ ತಾಗುವ ಮೊದಲೇ ಸಾವಕಾರನ ಕೈ ಹಿಡಿದುಬಿಟ್ಟ.

"ಕೆರಿಬ್ಯಾಡ್ರಿ ಸಾವಕಾರ್ರ! ಬಣ್ಣ ಅಲ್ರಿ ಅದು. ನನ್ನ ಹೇಣ್ತಿ ಬಾಯಿ ಅದು."

ನಾನಾಗಿದ್ದರೆ ಬಾಯಿಗೆ ಬಂದ ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಅವನಿಗೆ ಆ ಹೊತ್ತಿಗೆ ಯಾವ ಸುಳ್ಳೂ ಹೊಳೆಯಲಿಲ್ಲ.

ನಾಗಣ್ಣ ಚಾಕು ಮಡಿಚಿದ. "ಒಂದು ಎಂಜಲಾದ್ರ ಉಳಿದವು ಅಲ್ಲಂತ ಗಿರಾಕಿಗೆ ನಾ ಹ್ಯಾಂಗ ಹೇಳ್ಲಿ? ತಪ್ಪ ತಿಳೀಬ್ಯಾಡ. ಎಲ್ಲಾ ತಗೊಂಡು ಹೋಗು," ಎಂದ. ಆ ಸುದ್ದಿ ಚಂದ್ರಾಮ ಊರು ಸೇರುವುದರೊಳಗೆ ಉಳಿದ ಪೇಟೆಗಳನ್ನೂ ಮುಟ್ಟಿತ್ತು. ಅಲ್ಲಿಂದಲೂ ಮಾಲು ಹಿಂದಕ್ಕೆ ಬಂತು.

ಆಮೇಲೆ ಅವನು ಹೊಲಗಳಿಗೆ ಕೂಲಿಗೆ ಹೋಗತೊಡಗಿದ. ತಿದಿ ಮೂಲೆ ಸೇರಿತು. ಸಂಜೆ ಕೂಲಿಯಿಂದ ಬಂದವನು ವಾಪಸಾದ ಮಾಲಿನಿಂದ ಒಂದು ಕೊಳಲು ತೆಗೆದುಕೊಂಡು ಕಟ್ಟೆಯ ಮೇಲೆ ಕೂತು ಊದುತ್ತಿದ್ದ. ಮೊದಮೊದಲು ಬರೀ ಉಸ್ಸೆಂಬ ಗಾಳಿ. ಬಹಳ ದಿನಕ್ಕೆ ಒಂದು ಸ್ವರ ಬಂತು, ಅದರ ಮುಂದೆ ಹೋಗಲೇ ಇಲ್ಲ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಎದ್ದು ಹೋಗಿ ಸಾಕು ಮಾಡು ಎನ್ನಲು ಮಾತ್ರ ಬಾಯಿ ಬರಲಿಲ್ಲ.

ನಿಂಬೆವ್ವನ ಕೊಳಲು ಮಾತ್ರ ಪಕ್ಕದಲ್ಲೇ, ಕಟ್ಟೆಯ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿ ಮಲಗಿರುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿದೆ.

"ಅದನ್ಯಾಕ ಊದಂಗಿಲ್ಲೋ? ಅದಕ್ಕ ಹೆಂಗೂ ಬಾಯಿ ಮುಟ್ಯಾದ."

ಚಂದ್ರಾಮ ಕೊಳಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ನಾ ಊದಿದ್ರ ಆಕಿ ಬಾಯಿ ಅಳಸಿ ಹೋಗ್ತದಲ್ಲಪಾ," ಎಂದ.