ಗಂಗಿಯ ಎಡೆಗೆ ಮಣೂಕ ಬೇಡ

ರೇಣವ್ವ ಮಣೂಕದ ಶೆಡ್ಡಿಗೆ ಬಂದ ಮೊದಲ ದಿನ ಮಧ್ಯಾಹ್ನದ ತನಕ ಕೈಕಟ್ಟಿ ಕುಳಿತಿದ್ದಳು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಟಿಕೋಟಾದ ಹೊರಗೆ ಶಂಕ್ರೆಪ್ಪ ಸಾಹುಕಾರರು ಆಗಷ್ಟೇ ಶೆಡ್ಡು ಹಾಕಿಸಿದ್ದರು. ಬಲೆಯ ಮೇಲೆ ಒಣಗಿದ ದ್ರಾಕ್ಷಿಯನ್ನು, ನಮ್ಮ ಕಡೆ ಮಣೂಕ ಅನ್ನುವುದನ್ನು, ಬಣ್ಣ ನೋಡಿ ಆರಿಸುವ ಕೆಲಸ. "ಏ ಹೊಸಾಕಿ, ಬುಟ್ಟಿ ತಗೋ," ಅಂದ ಕೆಲಸ ಹಚ್ಚುವ ಮುಕಾದಮ. ರೇಣವ್ವ ಅಲುಗಲಿಲ್ಲ. "ಏ ಹೊಸಾಕಿ, ಕಿವಿ ಕೇಳಂಗಿಲ್ಲೇನು?" ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಊಟದ ಹೊತ್ತಿಗೆ ಅವನೇ ಸೋತು, ಪಕ್ಕದವರನ್ನು ವಿಚಾರಿಸಿ, "ರೇಣವ್ವಾ, ಬುಟ್ಟಿ ತಗೋಬೇ," ಅಂದ. ಆಗ ಎದ್ದಳು. ಉಳಿದವರು ಇಡೀ ದಿನ ಆರಿಸಿದಷ್ಟನ್ನು ಅವಳು ಅರ್ಧ ದಿನದಲ್ಲಿ ಆರಿಸಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋದಳು.

ಗಂಡ ಸತ್ತು ಆಗ ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮಣೂಕ ಬೆರಳಿಗೆ ತಾಗಿದರೆ ಸಾಕು, ಇದು ಎಷ್ಟು ದಿನ ಒಣಗಿದೆ, ಒಳಗೆ ಹುಳಿ ಉಳಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ದಿನವೂ ಮೊದಲ ಮಣೂಕವನ್ನು ಕಣ್ಣಿಗೊತ್ತಿಕೊಂಡೇ ಕೆಲಸಕ್ಕೆ ಕೈಹಾಕುವಳು. ಯಾರ ಮನೆಯ ನೈವೇದ್ಯಕ್ಕೆ ಹೋಗುವುದೋ ಯಾರು ಬಲ್ಲರು!

ಗಂಗಿ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ. ಶೆಡ್ಡಿನ ಹಿಂದಿನ ತೋಟದಲ್ಲಿ ದ್ರಾಕ್ಷಿಗೆ ನೀರುಣಿಸುವ ಕೃಷಿ ಹೊಂಡವಿದೆ. ನೀರು ಇಂಗದಿರಲೆಂದು ತಳದಿಂದ ದಂಡೆಯವರೆಗೂ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ನೀರು ಕುಡಿಯಲು ಇಳಿದ ಪ್ರಾಣಿಗೆ ಮೇಲೆ ಬರುವ ದಾರಿಯಿಲ್ಲ. ಕಾಲು ಜಾರಿ ಜಾರಿ ಸೋತು ಮುಳುಗುತ್ತದೆ. ಒಂದು ಬೆಳಿಗ್ಗೆ ಕಂದುಬಣ್ಣದ ಹೆಣ್ಣು ನಾಯಿಮರಿಯೊಂದು ಅಲ್ಲಿ ಉಗುರು ಕೆರೆಯುತ್ತಿತ್ತು. ಸುತ್ತ ನಿಂತವರು ಅಯ್ಯೋ ಅನ್ನುತ್ತಿದ್ದರೇ ಹೊರತು ಯಾರೂ ಇಳಿಯಲಿಲ್ಲ. ರೇಣವ್ವ ಸೀರೆ ಕಚ್ಚೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡಳು. ಹಗ್ಗದ ಇನ್ನೊಂದು ತುದಿಯನ್ನು ಗೆಳತಿ ಲಕ್ಕವ್ವನ ಕೈಗಿಟ್ಟಳು.

"ಹುಚ್ಚಿ, ನೀ ಮುಳುಗಿದ್ರ ನಾ ಏನ್ ಮಾಡ್ಲಿ?" ಅಂದಳು ಲಕ್ಕವ್ವ.

"ಹಗ್ಗ ಬಿಡಬ್ಯಾಡ, ಅಷ್ಟ ಮಾಡು."

ಲಕ್ಕವ್ವ ಬಯ್ಯುತ್ತಲೇ ಎಳೆದಳು, ಎಳೆಯುತ್ತಲೇ ಬೈದಳು. ಮರಿ ಮೇಲೆ ಬಂತು, ಅದರ ಹಿಂದೆ ರೇಣವ್ವನೂ ಬಂದಳು. ನೀರಿನಿಂದ ಬಂದವಳೆಂದು ಗಂಗಿ ಎಂದೇ ಕರೆದಳು. ನಾಯಿಗೆ ದೇವರ ಹೆಸರೇ ಎಂದು ಒಬ್ಬರು ಮೂಗು ಮುರಿದರೆ, "ನಿಮಗೂ ದೇವ್ರ ಹೆಸರಽ ಇಟ್ಟಾರಲ್ರಿ, ನಾವೇನ್ ಅಂದೇವೇನು?" ಅಂದಳು.

ಗಂಗಿ ಬೆಳೆದು ಶೆಡ್ಡಿನ ಕಾವಲಿಗೆ ನಿಂತಳು. ಹಗಲು ರೇಣವ್ವನ ಮೇಜಿನ ಕೆಳಗೆ, ಅವಳ ಪಾದದ ಮೇಲೆ ಗದ್ದವಿಟ್ಟು ಮಲಗುವಳು. ಸಂಜೆ ಹೆಂಗಸರಿಗೆಲ್ಲ ಒಡೆದ, ಕಪ್ಪಾದ ಮಣೂಕ ಒಂದೊಂದು ಹಿಡಿ ಕೊಡುವುದು ಸಾಹುಕಾರರ ವಾಡಿಕೆ. ರೇಣವ್ವ ತನ್ನ ಹಿಡಿಯಿಂದ ಎರಡು ಮೂರು ಕಾಳು ಗಂಗಿಯ ನಾಲಿಗೆಗೆ ಇಡುವಳು. ರೊಟ್ಟಿ ಬಿಟ್ಟರೂ ಬಿಟ್ಟಾಳು, ಆ ಎರಡು ಕಾಳು ಬಿಡುವವಳಲ್ಲ ಗಂಗಿ.

ಈ ವರ್ಷ ಮಾಲು ಚೆನ್ನಾಗಿ ಬಂತು. ಬಲೆಯ ಮೇಲಿನ ಕೊನೆಯ ಮಣೂಕ ಇಳಿಸಿದ ದಿನ ಸಾಹುಕಾರರು ಖುಷಿಯಿಂದ ಪ್ರತಿಯೊಬ್ಬರಿಗೂ ಬೋಗುಣಿ ತುಂಬ ಕೊಟ್ಟರು. ರೇಣವ್ವ ಆ ಬೋಗುಣಿಯನ್ನು ಹಾಗೆಯೇ ಗಂಗಿಯ ಮುಂದಿಟ್ಟಳು. "ತಿನ್ನವ್ವಾ. ವರ್ಷಪೂರ್ತಿ ಕಾದೀದಿ, ನಿನಗೂ ಹಬ್ಬ ಆಗ್ಲಿ."

ಗಂಗಿ ಬೋಗುಣಿ ನೆಕ್ಕಿ ನೆಕ್ಕಿ ಬೆಳಗಿದಳು.

ಮರುದಿನ ಬೆಳಿಗ್ಗೆ ವಾಂತಿ. ಮೈಯಲ್ಲಿ ನಡುಕ. ಲಕ್ಕವ್ವ ನಜರ್ ಆಗೈತಿ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಎರಡನೆಯ ದಿನ ಗಂಗಿ ನೀರು ಕುಡಿದರೂ ಮೂತ್ರ ಮಾಡಲಿಲ್ಲ. ಮೂರನೆಯ ದಿನ ರೇಣವ್ವ ಅವಳನ್ನು ಹಳೆಯ ಚಾದರದಲ್ಲಿ ಸುತ್ತಿ, ಮಲಂಗಸಾಬನ ಟಂಟಂ ಗಾಡಿಯಲ್ಲಿ ವಿಜಯಪುರಕ್ಕೆ, ಜಲನಗರದ ಪ್ರಾಣಿವೈದ್ಯೆ ವಿಶಾಖಾ ಅವರ ಬಳಿಗೆ ಒಯ್ದಳು.

ವಿಶಾಖಾ ಚಿಕ್ಕ ವಯಸ್ಸಿನವರು. ಹೊಟ್ಟೆ ಒತ್ತಿ, ಕಣ್ಣು ಬಿಡಿಸಿ ನೋಡಿ, ರಕ್ತ ತೆಗೆದರು. "ಏನ್ ತಿಂದೈತ್ರಿ ಅವ್ವಾರ?"

"ರೊಟ್ಟಿ, ಹಾಲು... ಮತ್ತ ಮಣೂಕ."

ವೈದ್ಯೆಯ ಕೈ ನಿಂತಿತು. "ಎಷ್ಟ್ರಿ?"

"ಒಂದ ಬೋಗುಣಿ."

ವಿಶಾಖಾ ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕುಳಿತರು. ದ್ರಾಕ್ಷಿಯಾಗಲಿ ಮಣೂಕವಾಗಲಿ ನಾಯಿಗೆ ಆಗಿಬರುವುದಿಲ್ಲ, ಕಿಡ್ನಿ ಕೆಲಸ ಬಿಡುತ್ತವೆ ಎಂದು ಬಿಡಿಸಿ ಹೇಳಿದರು. "ಎಲ್ಲಾ ನಾಯಿಗೂ ಹಿಂಗ ಆಗತೈತಿ ಅಂತಿಲ್ಲ. ಒಂದಕ್ಕ ಏನೂ ಆಗಂಗಿಲ್ಲ, ಇನ್ನೊಂದಕ್ಕ ಒಂದ ಹಿಡಿ ಸಾಕು. ಯಾವುದಕ್ಕ ಅಂತ ಮೊದಲ ತಿಳಿಯೂದಿಲ್ರಿ. ಭಾಳ ತಡಾ ಆಗೈತಿ."

"ನನ್ನ ಕೈಯಾರ ಹಾಕೀನ್ರಿ."

"ನಿಮಗ ಗೊತ್ತಿರಲಿಲ್ಲ ಅವ್ವಾರ."

"ಈಗ ಗೊತ್ತಾತಲ್ರಿ," ಅಂದಳು ರೇಣವ್ವ.

ಸಲೈನ್ ಹನಿಯುತ್ತಿರುವಾಗಲೇ, ಅವಳ ಅಂಗೈಯಲ್ಲಿ ಗದ್ದವಿಟ್ಟು ಗಂಗಿ ಕೊನೆಯ ಉಸಿರು ಬಿಟ್ಟಳು. ತಿರುಗಿ ಬರುವಾಗ ಟಿಕೋಟಾ ತಲುಪುವವರೆಗೂ ಮಲಂಗಸಾಬ ಒಂದೇ ಒಂದು ಸಲ ಹಾರನ್ ಬಾರಿಸಲಿಲ್ಲ.

ಶೆಡ್ಡಿನ ಹೆಂಗಸರು ಬಾಗಿಲಲ್ಲೇ ಕಾಯುತ್ತಿದ್ದರು. ಅಷ್ಟರಲ್ಲಿ ಅವರೇ ಒಬ್ಬ ಅಪರಾಧಿಯನ್ನು ಹುಡುಕಿಯಾಗಿತ್ತು: ಎದುರಿನ ಹೊಲದ ಬಾಬು. ಗಂಗಿ ಅವನ ಆಡುಗಳನ್ನು ಎರಡು ಸಲ ಅಟ್ಟಿಸಿಕೊಂಡು ಹೋಗಿದ್ದಳಲ್ಲ, ಅವನೇ ವಿಷ ಹಾಕಿರಬೇಕು. ಲಕ್ಕವ್ವ ಸೆರಗು ಸಿಗಿಸಿ ಜಗಳಕ್ಕೆ ಹೊರಟೇಬಿಟ್ಟಿದ್ದಳು.

"ಬಾಬುನ ಹೆಸರ ತಗೀಬ್ಯಾಡ್ರಿ," ಅಂದಳು ರೇಣವ್ವ, ಚಾದರ ಎದೆಗೊತ್ತಿಕೊಂಡೇ. "ನಾ ಹಾಕೀನಿ. ಮಣೂಕ ತಿನಿಸಿ ನಾನ ಕೊಂದೀನಿ."

"ದುಃಖದಾಗ ಬಾಯಿಗಿ ಬಂದದ್ದ ಅನಬ್ಯಾಡ ಬೇ," ಎಂದು ಲಕ್ಕವ್ವ ಅವಳ ಬಾಯಿ ಮುಚ್ಚಲು ಕೈ ತಂದಳು. ರೇಣವ್ವ ಆ ಕೈ ಸರಿಸಿದಳು. ಬಾಬುವಿನ ಮೇಲೆ ಹೊರಿಸಿದ್ದರೆ ಅವಳಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಅಂಥ ನಿದ್ದೆ ಅವಳಿಗೆ ಬೇಕಿರಲಿಲ್ಲ.

ಸಾಹುಕಾರರು ದೊಡ್ಡ ಮನಸ್ಸಿನವರು. ಶೆಡ್ಡಿನ ಬೇವಿನ ಮರದ ಕೆಳಗೇ ಮಣ್ಣು ಮಾಡಲು ಹೇಳಿದರು.

ಮೂರನೆಯ ದಿನ ರೇಣವ್ವ ಹಾಲು-ತುಪ್ಪ ತಂದಳು. ಮಣ್ಣಾದವರಿಗೆ ಮೂರನೆಯ ದಿನ ಮಣ್ಣಿನ ಮೇಲೆ ಹಾಲು-ತುಪ್ಪ ಎರೆದು, ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಎಡೆ ಇಡಬೇಕು, ಕಾಗೆ ಬಂದು ಮುಟ್ಟಬೇಕು. ನಾಯಿಗೂ ಹಾಲು-ತುಪ್ಪವೇ ಎಂದು ಹಿಂದಿನಿಂದ ಒಬ್ಬಳು ಕಿಸಕ್ಕೆಂದಳು. ರೇಣವ್ವ ತಿರುಗಿಯೂ ನೋಡಲಿಲ್ಲ. ಊದಿನಕಡ್ಡಿ ಹಚ್ಚಿ, ಹಾಲೆರೆದು, ಜೋಳದ ರೊಟ್ಟಿ ಮುರಿದಿಟ್ಟಳು.

ಆಗ ಸಾಹುಕಾರರೇ ಒಂದು ತಾಟು ಹಿಡಿದುಕೊಂಡು ಬಂದರು. ತಾಟಿನ ತುಂಬ ಹಸಿರು ಮಣೂಕ, ಶೆಡ್ಡಿನ ಎಲ್ಲಕ್ಕಿಂತ ಮೇಲಾದ ಮಾಲು.

"ತಗೋ ರೇಣವ್ವಾ. ಗಂಗಿಗಿ ಮಣೂಕ ಅಂದ್ರ ಜೀವ. ಎಡಿಗಿ ಇಡು."

ಹೆಂಗಸರೆಲ್ಲ ಹೌದ್ಹೌದು ಅಂದರು. ಲಕ್ಕವ್ವ ಕಣ್ಣೊರೆಸಿಕೊಂಡಳು. ರೇಣವ್ವ ಗೋರಿಯ ಆಚೆ ನೋಡಿದಳು. ಶೆಡ್ಡಿನ ಸುತ್ತ ಓಡಾಡುವ ಬಿಳಿ ನಾಯಿಯೊಂದು ತನ್ನ ಮೂರು ಮರಿಗಳೊಂದಿಗೆ ಆಗಲೇ ಬಂದು ಮೂಗು ಚಾಚಿ ಕುಳಿತಿತ್ತು.

"ಬ್ಯಾಡ್ರಿ ಸಾವ್ಕಾರ್ರ. ಇದನ್ನ ಇಲ್ಲಿ ಇಡೂದಿಲ್ಲ."

"ಯಾಕ? ದೇವ್ರ ನೈವೇದ್ಯಕ್ಕ ನಡೀತೈತಿ, ನಾಯಿ ಎಡಿಗಿ ನಡ್ಯಂಗಿಲ್ಲೇನು?"

"ದೇವ್ರ ಕಿಡ್ನಿ ಗಟ್ಟಿ ಅದಾವ್ರಿ."

ಯಾರೋ ನಕ್ಕರು. ಸಾಹುಕಾರರು ನಗಲಿಲ್ಲ. "ನನ್ನ ಮಾಲು ವಿಷ ಅಂತೀಯೇನು?"

"ನಿಮ್ಮದ ಅಷ್ಟ ಅಲ್ರಿ, ಯಾರ ಶೆಡ್ಡಿಂದ ಆದ್ರೂ ಹಂಗ. ಮನಷ್ಯಾರಿಗಿ ಅಮೃತ, ನಾಯಿಗಿ ಅಲ್ಲ. ಡಾಕ್ಟರಬಾಯಾರು ರಕ್ತ ನೋಡಿ ಹೇಳ್ಯಾರ."

ಸಾಹುಕಾರರು ತಾಟನ್ನು ಕಟ್ಟೆಯ ಮೇಲಿಟ್ಟರು. ದನಿ ತಗ್ಗಿಸಿದರು. "ನೋಡು, ನಾಳೆ ಸಾಂಗ್ಲಿಯಿಂದ ವ್ಯಾಪಾರಿ ಬರಾಂವ ಅದಾನ. ಅವನ ಕಿವಿಗಿ ಸತ್ತ ನಾಯಿ, ಮಣೂಕ ಅಂತ ಎರಡ ಮಾತು ಬಿದ್ರ ಮುಗೀತು. ನಿನ್ನ ದುಃಖ ನಿನ್ನ ಮನ್ಯಾಗ ಇರ್ಲಿ. ನಾಳಿಯಿಂದ ಈ ಮಾತು ಶೆಡ್ಡಿನ್ಯಾಗ ಕೇಳಿತಂದ್ರ ನೀ ಕೆಲಸಕ್ಕ ಬರೂದ ಬ್ಯಾಡ."

ಹತ್ತೊಂಬತ್ತು ವರ್ಷ. ಆ ಮೇಜು, ಆ ಬೆಳಕು, ಪಕ್ಕದಲ್ಲಿ ಲಕ್ಕವ್ವನ ಬೈಗುಳ. ಮನೆಯಲ್ಲಿ ಯಾರೂ ಇಲ್ಲ, ಮಾತಾಡಲು ಇನ್ನು ಗಂಗಿಯೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೂ ಉಳಿಯುತ್ತಿತ್ತು. ಬಿಳಿ ನಾಯಿಯ ಮರಿಯೊಂದು ಬಂದು ಅವಳ ಪಾದ ಮೂಸಿತು.

"ನಾಳೆ ಯಾಕ್ರಿ, ಇವತ್ತಽ ಹೇಳ್ತೀನಿ," ಎಂದು ಹೆಂಗಸರ ಕಡೆ ತಿರುಗಿದಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಳು. "ಲಕ್ಕವ್ವಾ, ಕೇಳು. ತಿಪ್ಪವ್ವಾ, ನೀನೂ ಕೇಳು. ಮಿನಾಜ, ನಿಮ್ಮ ಮನ್ಯಾಗೂ ನಾಯಿ ಐತಿ. ಸಂಜೀಕ ಮಣೂಕ ಹಾಕಬ್ಯಾಡ್ರಿ. ನೆಲಕ್ಕ ಬಿದ್ದದ್ದ ಕಸಬರಗಿ ತಗೊಂಡ ಗುಡಿಸ್ರಿ. ನಾ ಪ್ರೀತೀಲೆ ಹಾಕೀನಿ. ಪ್ರೀತಿ ಅಂತ ಕಿಡ್ನಿಗಿ ತಿಳಿಯಂಗಿಲ್ಲ."

ಮಣೂಕದ ತಾಟನ್ನು ಒಂದು ಕಾಳೂ ಬೀಳದಂತೆ ಎತ್ತಿ ಸಾಹುಕಾರರ ಕೈಗೆ ಕೊಟ್ಟಳು. "ಸಿಟ್ಟಾಗಬ್ಯಾಡ್ರಿ. ಇದನ್ನ ದೇವ್ರ ಮುಂದ ಇಡ್ರಿ, ಗಂಗಿ ಹೆಸರೀಲೆ."

ಅಷ್ಟರಲ್ಲಿ ಬಿಳಿ ನಾಯಿ ನುಗ್ಗಿ ಬಂದು ಎಡೆಯ ರೊಟ್ಟಿಯನ್ನು ಕಚ್ಚಿಕೊಂಡಿತು. ಮರಿಗಳು ಉಳಿದ ಚೂರಿಗೆ ಮುಗಿಬಿದ್ದವು.

"ಅಯ್ಯ, ಇನ್ನೂ ಕಾಗಿ ಮುಟ್ಟಿಲ್ಲ!" ಎಂದು ಲಕ್ಕವ್ವ ಕಲ್ಲು ಎತ್ತಿಕೊಂಡಳು.

"ಒಗೀಬ್ಯಾಡ. ಮುಟ್ಟಬೇಕಾದವ್ರು ಮುಟ್ಟ್ಯಾರ," ಅಂದಳು ರೇಣವ್ವ. ಖಾಲಿ ತಂಬಿಗೆ ಎತ್ತಿಕೊಂಡು ಬಾಗಿಲು ದಾಟಿ ಹೋದಳು.

ಎಂಟು ದಿನ ಮನೆಯಲ್ಲಿದ್ದಳು. ಲಕ್ಕವ್ವ ಒಂದು ಸಂಜೆ ಬಂದು, ಸಾಹುಕಾರರು ಮನಸ್ಸು ಬದಲಿಸಿಲ್ಲ, ಒಂದು ಮಾತು ತಪ್ಪಾಯಿತು ಅಂದರೆ ಬದಲಿಸಿಯಾರು ಎಂದಳು. ಹೋಗುವಾಗ, "ನಿನ್ನ ಸಲುವಾಗಿ ದಿನಾ ನೆಲಾ ಗುಡಿಸಿ ನನ್ನ ಸ್ವಾಂಟ ಮುರದೈತಿ," ಎಂದೂ ಬೈದಳು. ರೇಣವ್ವ ಅವಳಿಗೆ ಚಹಾ ಮಾಡಿ ಕೊಟ್ಟಳೇ ಹೊರತು ತಪ್ಪಾಯಿತು ಅನ್ನಲಿಲ್ಲ.

ಒಂಬತ್ತನೆಯ ದಿನ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದಳು. ಅಲ್ಲೊಂದು ಹೊಸ ಶೆಡ್ಡಿಗೆ ಆರಿಸುವವರು ಬೇಕಾಗಿದ್ದರು. ಬಾಗಿಲ ಬಳಿ ಚೀಲಗಳ ನೆರಳಿನಲ್ಲಿ ಕರಿಯ ನಾಯಿಯೊಂದು ಮಲಗಿತ್ತು. ಅದರ ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ನಾಲ್ಕೈದು ಒಡೆದ ಮಣೂಕ.

"ಏ ಹೊಸಾಕಿ, ಒಳಗ ಬಾ!" ಎಂದು ಮುಕಾದಮ ಕೂಗಿದ.

ಈ ಸಲ ರೇಣವ್ವ ಹೆಸರಿಗಾಗಿ ಕಾಯಲಿಲ್ಲ. ಮೊದಲ ಕೂಗಿಗೇ ಓಗೊಟ್ಟಳು. ಬಗ್ಗಿ ತಟ್ಟೆಯ ಮಣೂಕವನ್ನೆಲ್ಲ ಸೆರಗಿಗೆ ಸುರಿದುಕೊಂಡು, ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಹಾಕಿ, ಒಳಗೆ ಹೋಗಿ ಅವನ ಎದುರಿಗೆ ನಿಂತಳು.

"ಕೆಲಸ ಆಮ್ಯಾಲ. ಮೊದಲ ಒಂದ ಮಾತು ಹೇಳೂದೈತಿ."

ಮುಕಾದಮ ಹುಬ್ಬೇರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹೆಸರೇನಬೇ ನಿಂದು?"

"ನಂದಿರ್ಲಿ ಬಿಡ್ರಿ," ಅಂದಳು ರೇಣವ್ವ. "ಆ ನಾಯಿ ಹೆಸರೇನ್ ಹೇಳ್ರಿ."