ಮೊದಲ ‘ಬೇಡ’ದ ಶಾಸ್ತ್ರ

“ಕೇಕ್ ತೆಗೆದುಕೊಳ್ಳುತ್ತೀರಾ?” ಕಂಪ್ಯೂಟರ್ ಪರದೆಯಲ್ಲಿದ್ದ ಜರ್ಮನ್ ಮೇಷ್ಟ್ರು ತಮ್ಮ ಭಾಷೆಯಲ್ಲಿ ಕೇಳಿದರು. ನಲವತ್ತರ ಹೊಸ್ತಿಲಲ್ಲಿ ಜರ್ಮನ್ ಕಲಿಯಲು ಹೊರಟ ನನ್ನ ಹೆಂಡತಿ ಸುಧಾ, ಶಿರಸಿಯ ಮರ್ಯಾದೆಯಂತೆ ‘ಬೇಡ’ ಎಂದು ಎರಡನೆಯ ಒತ್ತಾಯಕ್ಕೆ ಕಾದು ಕುಳಿತಳು. ಮೇಷ್ಟ್ರು ಒತ್ತಾಯಿಸಲಿಲ್ಲ. ಮಾತು ಅಲ್ಲಿಗೇ ನಿಂತಿತು. ಈ ಅಭ್ಯಾಸ ಸಂದರ್ಶನ ದಾಟಿದರೆ ಮಾತ್ರ ನಿಜವಾದ ಪರೀಕ್ಷೆ. ಅದನ್ನೂ ದಾಟಿದರೆ ಮಾತ್ರ ಜರ್ಮನಿಯಲ್ಲಿ ನರ್ಸ್ ಕೆಲಸ.

ಬಾಗಿಲಲ್ಲಿ ನಿಂತಿದ್ದ ಅಮ್ಮ “ಎಂತ ಆತಾ?” ಎಂದರು. ನಾನು ಪಿಸುಗುಟ್ಟಿ ಹೇಳಿದೆ. ಅಮ್ಮ ನೇರ ಪರದೆಗೇ ಮುಖವಿಟ್ಟು ಗಟ್ಟಿಯಾಗಿ ಕೇಳಿದರು: “ಎಂತದಾ ತಮಾ, ಒಂದೇ ಸಲ ಕೇಳಿದ್ರೆ ಯಾರಾದ್ರೂ ತಿಂತ್ವನಾ? ನಿಂಗೆ ಒತ್ತಾಯ ಮಾಡಲೆ ಬತ್ತಿಲ್ಯನಾ?”

ಮೇಷ್ಟ್ರು ಅರ್ಥ ಕೇಳಿದರು. ನಮ್ಮ ಕಡೆ ಮೊದಲ ‘ಬೇಡ’ ಲೆಕ್ಕಕ್ಕಿಲ್ಲ, ಮೂರನೆಯದಕ್ಕೂ ಪೂರ್ತಿ ಬೆಲೆಯಿಲ್ಲ ಎಂಬ ಶಾಸ್ತ್ರವನ್ನು ಸುಧಾ ನಗುನಗುತ್ತ ಐದು ನಿಮಿಷ ಜರ್ಮನ್ನಿನಲ್ಲೇ ವಿವರಿಸಿದಳು. ತಪ್ಪುಗಳಿದ್ದವು, ತಡವರಿಕೆ ಇರಲಿಲ್ಲ. “ನೀವು ಪರೀಕ್ಷೆಗೆ ಕೂರಬಹುದು” ಎಂದು ಮೇಷ್ಟ್ರೂ ನಕ್ಕರು.

ಈಗ ಮನೆಗೆ ಬಂದವರಿಗೆಲ್ಲ ಅಮ್ಮ ಗಂಭೀರವಾಗಿ ಹೇಳುತ್ತಾರೆ: “ಜರ್ಮನ್ ಎಂತ ಕಷ್ಟ ಇಲ್ಲೆ, ಸ್ವಲ್ಪ ಗಟ್ಟಿ ಮಾತಾಡಿದ್ರೆ ಆತು.” ಪರೀಕ್ಷೆ ಪಾಸಾದ ಸುಧಾ ಇದನ್ನು ಅಲ್ಲಗಳೆದಿಲ್ಲ.